ಹೊಗಳದೆ ಉಳಿದ ಚಳಿಗಾಲ

ಸೈಪ್ರೆಸ್, ಹ್ಯೂಸ್ಟನ್
೨೫ ಜನವರಿ ೨೦೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ನಮ್ಮ ಮನೆಯವರಿಗೆ,

ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಕಾಗದದ ಮೇಲ್ಗಡೆ ನಿಮ್ಮ ಹೆಸರು ಬರೆಯಲು ಕೈ ಏಳುವುದಿಲ್ಲ. ಕವರಿನ ಮೇಲೆ ಡಾಕ್ಟರ್ ವಾಸುದೇವ ಎಂದು ಪ್ರಿಯಂವದಾ ಇಂಗ್ಲಿಷಿನಲ್ಲಿ ಬರೆದುಕೊಡುತ್ತಾಳೆ, ಮಗಳಿಗೆ ಆ ದೋಷವಿಲ್ಲ. ನಿಮ್ಮ ಆರೋಗ್ಯ ಹೇಗಿದೆ? ಎಡಮಂಡಿ ನೋಯುತ್ತಿದೆಯೇ? ಬಿಪಿ ಮಾತ್ರೆ ನುಂಗುತ್ತಿದ್ದೀರಾ? ಊರಿಗೆಲ್ಲ ಮಾತ್ರೆ ಬರೆದುಕೊಟ್ಟವರು ನಿಮ್ಮದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೀರಿ ಎಂದು ನನಗೆ ಗೊತ್ತು. ಹೊರಗೆ ಹೋಗುವಾಗ ಕಿವಿಯ ಮೆಷಿನ್ ತೆಗೆದು ಒಳಜೇಬಿನಲ್ಲಿಡಿ, ಚಳಿಗೆ ಅದರ ಬ್ಯಾಟರಿ ಸಾಯುತ್ತದೆ. ಟೋಪಿ ಎಳೆದು ಕಿವಿ ಮುಚ್ಚಿಕೊಳ್ಳಿ. ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಎರಡು ವಾರಕ್ಕೆಂದು ಕುಟ್ಟಿದ್ದು. ಈಗ ಏಳು ವಾರ ತುಂಬಿತು. ಏನು ತಿನ್ನುತ್ತಿದ್ದೀರೋ, ಅನ್ನಕ್ಕೆ ಏನು ಕಲಸಿಕೊಳ್ಳುತ್ತಿದ್ದೀರೋ, ದೇವರಿಗೇ ಗೊತ್ತು.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಾನು ಕಿರುಚಬೇಕು, ನೀವು ಹೂಂ ಅನ್ನಬೇಕು, ನಡುವೆ ಸಂಹಿತಾ ಅಜ್ಜನಿಗೆ ತನ್ನ ಹೊಸ ಹಲ್ಲು ತೋರಿಸಬೇಕು. ಅದೂ ಅಲ್ಲದೆ ಫೋನ್ ಹಿಡಿದರೆ ನನ್ನ ಬಾಯಿಂದ ಬೈಗುಳವೇ ಬರುತ್ತದೆ. ಮೊನ್ನೆಯೂ ಬಂತು. ಇವತ್ತು ಹೇಳಬೇಕಾದದ್ದು ಬಾಯಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಅಡುಗೆಮನೆಯ ಟೇಬಲ್ಲಿನ ಮೇಲೆ ಸಂಹಿತಾಳ ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ.

ಮೊದಲು ನನ್ನ ಸಿಟ್ಟನ್ನು ಒಪ್ಪಿಸಿಬಿಡುತ್ತೇನೆ. ಉತ್ತರದ ಬೆಮಿಜಿಯಲ್ಲಿ ನಾವು ಬಾಳಿದ ಕೆರೆ ಮನೆಯನ್ನು ಬಾಡಿಗೆಯವರು ಬಿಟ್ಟಿದ್ದಾರೆ, ಕೊಳ್ಳುವವರು ಸಿಕ್ಕಿದ್ದಾರೆ, ಸಹಿ ಹಾಕಿ ಹತ್ತು ದಿನದಲ್ಲಿ ಬಂದುಬಿಡುತ್ತೇನೆ ಎಂದು ಹೋದವರು ನೀವು. ಹೋಗುವ ದಿನವೇ ಡಲ್ಲಾಸಿನಲ್ಲಿ ಮಂಜುಗಡ್ಡೆಯ ಮಳೆ ಸುರಿದು ವಿಮಾನಗಳೆಲ್ಲ ನಿಂತು, ಪಕ್ಕದ ಯೂಲೆಸ್‌ನಲ್ಲಿ ನಿಮ್ಮ ಬಿಜಾಪುರದ ಸಿದ್ಧಾರೂಢ ಅವರ ಮನೆಯಲ್ಲಿ ಎರಡು ದಿನ ಉಳಿದಿರಿ. ಪಾಪ, ಎಷ್ಟು ಕಷ್ಟಪಡುತ್ತಿದ್ದಾರೋ ಎಂದು ನಾನು ಫೋನ್ ಮಾಡಿದರೆ ಆ ಮಹರಾಯರು ಹೇಳುತ್ತಾರೆ, "ಡಾಕ್ಟರು ಬೆಳಿಗ್ಗಿಂದ ಹೊರಗ ನಿಂತು ಗಿಡದ ಮ್ಯಾಲಿನ ಬರ್ಫ ಮುಟ್ಟಿ ಮುಟ್ಟಿ ನೋಡಿ ನಗಾಕತ್ತಾರ್ರಿ ಅಕ್ಕಾರ, ಒಳಗ ಬರ್ರಿ ಅಂದ್ರ ಬರವಲ್ರು!" ಆಮೇಲೆ ಅಲ್ಲಿಗೆ ತಲುಪಿದಿರಿ. ಡಿಸೆಂಬರ್ ಇಪ್ಪತ್ತಕ್ಕೆ ಸಹಿ ಅಂದಿರಿ, ಪೈಪು ಒಡೆಯಿತು. ಜನವರಿ ಮೂರಕ್ಕೆ ಅಂದಿರಿ, ಏಜೆಂಟಿಗೆ ಜ್ವರ. ಹದಿನೇಳಕ್ಕೆ ಅಂದಿರಿ, ಯಾವುದೋ ಹಳೆಯ ಪತ್ರ ಸಿಗಲಿಲ್ಲ. ಟಿವಿಯಲ್ಲಿ ಆ ಕಡೆಯ ಭೂಪಟವನ್ನೆಲ್ಲ ನೇರಳೆ ಬಣ್ಣ ಬಳಿದು ತೋರಿಸುತ್ತಾರೆ, ಸೊನ್ನೆಗಿಂತ ಮೂವತ್ತು ಕೆಳಗೆ ಅನ್ನುತ್ತಾರೆ, ನೀವು ಮಾತ್ರ ಫೋನಿನಲ್ಲಿ "ಏನ್ ಚಂದ ಅದ ಅಹಲ್ಯಾ" ಅನ್ನುತ್ತೀರಿ. ಕುಣಿಯಲಾರದವನಿಗೆ ಅಂಗಳ ಡೊಂಕು, ಬರಲು ಮನಸ್ಸಿಲ್ಲದವರಿಗೆ ಪೈಪು ಡೊಂಕು ಎಂದು ಪ್ರಿಯಂವದಾಳ ಮುಂದೆ ಆಡಿಕೊಂಡೆ. ಈಗ ಮೂವತ್ತೊಂದನೇ ತಾರೀಖು ಶುಕ್ರವಾರ ಎಂದು ಕಡಾಖಂಡಿತ ಹೇಳಿದ್ದೀರಿ. ಮೊನ್ನೆ ಅದನ್ನು ಹೇಳುವಾಗ, "ನಿನ್ನ ಪೀಡಾ ತೊಲಗಿಸಿ ಬರ್ತೀನಿ, ಇನ್ನ ನೀ ಇಲ್ಲೆ ಕಾಲಿಡೂದು ಬ್ಯಾಡ" ಎಂದಿರಿ. ನಿಮ್ಮ ದನಿ ಹೇಗೋ ಇತ್ತು. ಆವಾಗಿನಿಂದ ನನಗೆ ಊಟ ರುಚಿಸಿಲ್ಲ.

ಕಳೆದ ಭಾನುವಾರ ಇಲ್ಲಿ ಸಂಕ್ರಾಂತಿ ಕಾರ್ಯಕ್ರಮವಿತ್ತು. ಬಾಗಿಲ ಹತ್ತಿರ ಒಂದು ಮೇಜಿನ ಮೇಲೆ ಇನ್ನೂರು ಜಿಪ್‌ಲಾಕ್ ಚೀಲಗಳಲ್ಲಿ ಎಳ್ಳುಬೆಲ್ಲ ಜೋಡಿಸಿಟ್ಟಿದ್ದರು. ಒಳಗೆ ಹೋಗುವಾಗ ಒಂದು ತೆಗೆದುಕೊಳ್ಳುವುದು, ಅಷ್ಟೇ. ಯಾರು ಯಾರಿಗೆ ಬೀರಿದರು ಎಂದು ಆ ಎಳ್ಳಿಗೇ ಗೊತ್ತಾಗಿರಲಾರದು. ಸೀಡರ್ ಪಾರ್ಕಿನಿಂದ ಕೃಷ್ಣವೇಣಿ ಬಂದಿದ್ದರು, ಅದೇ, ಆಸ್ಟಿನ್ನಿಗೆ ಹೋದಾಗಲೆಲ್ಲ ನಮಗೆ ಬಿಸಿಬೇಳೆಬಾತ್ ಮಾಡಿ ಬಡಿಸುವವರು. ನೀವು ಇನ್ನೂ ಬಂದಿಲ್ಲ ಎಂದು ಕೇಳಿ ಅವರು ಕೈಯಲ್ಲಿದ್ದ ಕೊಬ್ಬರಿ ಚೂರನ್ನು ಬಾಯಿಗೆ ಹಾಕದೆ ಹಾಗೇ ಹಿಡಿದುಕೊಂಡು, "ಅಲ್ಲಾ ಅಹಲ್ಯಾ, ಅಂಥ ಚಳೀಲಿ ಜನ ಯಾಕಾದ್ರೂ ಇಷ್ಟಪಟ್ಟು ಇರ್ತಾರ್ರೀ?" ಎಂದರು. ನಾನು ರೂಢಿಯಂತೆ, "ಹುಚ್ಚು ಕಣ್ರೀ, ನಮ್ಮನೆಯವರಿಗೆ ಹುಚ್ಚು. ಮೂವತ್ನಾಕು ಚಳಿಗಾಲ ನಾನು ಆ ನರಕದಲ್ಲಿ ಬೆಂದಿದೀನಿ" ಎಂದೆ. ಚಳಿಯಲ್ಲಿ ಬೇಯುವುದು ಹೇಗೆ ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ನನ್ನಷ್ಟಕ್ಕೆ ನಾನೇ ಉತ್ತರ ಹುಡುಕುತ್ತಾ ಒಂದು ವಾರ ಕಳೆದೆ.

ನೀವು ಬಿಜಾಪುರದವರು, ಉರಿಬಿಸಿಲು ಉಂಡು ಬೆಳೆದವರು. ನಿಮ್ಮೂರಿನಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಬಿಸಿಲಿನವರಿಗೆ ಹಿಮ ಹಬ್ಬ, ಸರಿ. ಆದರೆ ಮೈಸೂರಿನಿಂದ ಬಂದ ನನಗೇನಾಗಿತ್ತು? ಯೋಚಿಸಿದರೆ ದೊಡ್ಡ ಸಂಗತಿ ಯಾವುದೂ ನೆನಪಿಗೆ ಬರುವುದಿಲ್ಲ, ಸಣ್ಣಸಣ್ಣವೇ ಬರುತ್ತವೆ. ಮೊಸರು. ಅಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ನಿಮ್ಮ ಹಳೆಯ ಶಾಲು ಸುತ್ತಿ, ಓವನ್ನಿನ ಒಳಗೆ ದೀಪ ಹಾಕಿ ಕೂರಿಸುತ್ತಿದ್ದೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ಗಟ್ಟಿ ಮೊಸರು ನೋಡಿದಾಗ ಏನೋ ಗೆದ್ದ ಹಾಗೆ. ಇಲ್ಲಿ ಹಾಲನ್ನು ಮರೆತರೂ ಸಾಕು, ಮಧ್ಯಾಹ್ನದೊಳಗೆ ಹುಳಿ. ಆಮೇಲೆ ಪ್ರತಿಯೊಬ್ಬರ ಕಾರಿನ ಮೂತಿಯಿಂದಲೂ ಮೂಗುದಾರದ ಹಾಗೆ ನೇತಾಡುತ್ತಿದ್ದ, ಎಂಜಿನ್ ಹೆಪ್ಪುಗಟ್ಟದಿರಲೆಂದು ಕರೆಂಟಿಗೆ ಸಿಕ್ಕಿಸುವ ಆ ವೈರು. ನಿಮ್ಮ ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ಕಂಬಗಳಿಗೆ ವೈರು ಸಿಕ್ಕಿಸಿ ಕಟ್ಟಿಹಾಕಿದ ಕಾರುಗಳು. ಮೊದಲ ದಿನ ನೋಡಿ, ಇವರ ಗೋಶಾಲೆ ಇದೇ ಎಂದು ನಾನು ಅಂದಿದ್ದೆ. ಕೆರೆ ಗಟ್ಟಿಯಾದ ಮೇಲೆ ಅದರ ಮೇಲೆ ಲಾರಿಗಳೇ ಓಡಾಡುತ್ತಿದ್ದವು, ನೀವೋ, ನಿಮ್ಮ ಪೇಷಂಟುಗಳು ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ತೂತಿನ ಪಕ್ಕ ಒಂದು ಬಕೆಟ್ ಬೋರಲು ಹಾಕಿ ಕೂತು, ಮೀನು ಮುಟ್ಟದೆ, ಊರಿನ ಸುದ್ದಿ ಹಿಡಿದುಕೊಂಡು ಬರುತ್ತಿದ್ದಿರಿ.

ರಂಗೋಲಿ ನೆನಪಿದೆಯೇ? ಬಿಳಿ ಹಿಮದ ಮೇಲೆ ಬಿಳಿ ಪುಡಿ ಕಾಣುವುದಿಲ್ಲ ಎಂದು ನಾನು ಕೆಚಪ್ ಬಾಟಲಿಗೆ ಅರಿಶಿನದ ನೀರು ತುಂಬಿ ಸಂಕ್ರಾಂತಿಯ ದಿನ ಬಾಗಿಲ ಮುಂದೆ ಎಳೆ ಎಳೆದಿದ್ದೆ. ಪಕ್ಕದ ಮನೆಯ ಲೋಯಿಸ್ ಎರಡು ದಿನ ನೋಡಿ, ಮೂರನೆಯ ದಿನ ನಿಮ್ಮನ್ನು ಪಕ್ಕಕ್ಕೆ ಕರೆದು ಬಹಳ ಸಂಕೋಚದಿಂದ, ಡಾಕ್ಟರೇ, ನಿಮ್ಮ ನಾಯಿಗೇನಾದರೂ ಮೂತ್ರದ ತೊಂದರೆ ಇದೆಯೇ ಎಂದು ಕೇಳಿದಳು. ನಮಗೆ ನಾಯಿಯೇ ಇರಲಿಲ್ಲ! ನೀವು ಅಡುಗೆಮನೆಯ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಿರಿ. ಮಾರನೆಯ ವರ್ಷದಿಂದ ಲೋಯಿಸಳೇ ಬಂದು ಕೈಗವಸಿನ ಬೆರಳಿನಿಂದ ಚುಕ್ಕಿ ಇಟ್ಟುಕೊಡುತ್ತಿದ್ದಳು. ಯುಗಾದಿಯ ಹೊತ್ತಿಗೆ ಮೇಲಿನ ಹಿಮವೆಲ್ಲ ಕರಗಿ ಅದೇ ಹಳದಿ ಎಳೆ ಅಲ್ಲಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು.

ಎಳ್ಳು ಬೀರುವುದೆಂದರೆ ಆ ಒಂದು ವರ್ಷ ಬೀರಿದ್ದು. ನೂರು ಮೈಲಿಯೊಳಗೆ ಇನ್ನೊಂದು ಕನ್ನಡದ ಮನೆ ಇರಲಿಲ್ಲ, ಗ್ರ್ಯಾಂಡ್ ಫೋರ್ಕ್ಸ್‌ನ ಚಂದ್ರಮೋಹನ ಅವರದೇ ಹತ್ತಿರದ್ದು. ಎಳ್ಳು ಕೊಡದೆ ಹಬ್ಬ ಮುಗಿಯುವುದಿಲ್ಲ ಎಂದು ಹಟ ಹಿಡಿದವಳು ನಾನು. ಪ್ರಿಯಂವದಾಗೆ ಆಗ ಮೂರು ವರ್ಷ, ಅವಳನ್ನೂ ಕಟ್ಟಿಕೊಂಡು ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಫಾಸ್ಟನ್ ಊರು ದಾಟಿದ್ದೇ ಗಾಳಿ ಎದ್ದು ರಸ್ತೆ, ಹೊಲ, ಆಕಾಶ ಮೂರೂ ಒಂದೇ ಬಿಳಿ. ಕಾರು ಪಕ್ಕಕ್ಕೆ ಜಾರಿ ಹೂತುಕೊಂಡಿತು. ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ, ಕಂಬಳಿಯೊಳಗೆ ಮಗುವನ್ನು ನಡುವೆ ಇಟ್ಟುಕೊಂಡು ಕೂತೆವು. ಒಂದು ಗಂಟೆಯ ಮೇಲೆ ಟ್ರ್ಯಾಕ್ಟರಿನ ದೀಪ ಕಂಡಿತು. ಆ ರೈತ ನಮ್ಮ ಹೆಸರು ಕೇಳಲಿಲ್ಲ, ಮಗುವನ್ನು ಎತ್ತಿ ತನ್ನ ಕೋಟಿನೊಳಗೆ ಹಾಕಿಕೊಂಡು ಹೊರಟೇಬಿಟ್ಟ. ಅವನ ಹೆಂಡತಿ ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಆಲೂಗಡ್ಡೆ ಬೇಯಿಸಿ ಎದುರಿಟ್ಟಳು. ಎರಡು ದಿನ ಆ ಮನೆಯಲ್ಲಿದ್ದೆವು. ಚಂದ್ರಮೋಹನ ಅವರಿಗೆಂದು ತಂದ ಎಳ್ಳನ್ನೂ ಸಕ್ಕರೆ ಅಚ್ಚನ್ನೂ ಅವರಿಗೇ ಬೀರಿದೆ. ಸಕ್ಕರೆಯ ಆನೆಯನ್ನು ಆ ರೈತ ತಿನ್ನದೆ ಕಿಟಕಿಯಲ್ಲಿ ನಿಲ್ಲಿಸಿದ. ವಾಪಸು ಬರುವಾಗ ನೀವು ಅಂದಿರಿ, "ಬಿಸಿಲಿಗೆ ಮನುಷ್ಯ ಬೇಕಾಗಂಗಿಲ್ಲ, ಒಂದು ಗಿಡದ ನೆರಳಿದ್ರ ಸಾಕು. ಚಳಿಗೆ ಮನುಷ್ಯ ಬೇಕು ನೋಡ." ನಾನು ಏನಂದೆ ಗೊತ್ತೇ? "ಸಾಕು ನಿಮ್ಮ ಪುರಾಣ, ಈ ಹಾಳು ಊರಿನಿಂದ ಯಾವಾಗ ಬಿಡುಗಡೆಯೋ" ಅಂದೆ.

ಇಲ್ಲಿಗೆ ಬಂದು ಮೂರೂವರೆ ವರ್ಷವಾಯಿತು. ಎಡಗಡೆ ಮನೆಯವರ ಗ್ಯಾರೇಜ್ ಬಾಗಿಲು ಮೇಲೇಳುತ್ತದೆ, ಕಾರನ್ನು ನುಂಗುತ್ತದೆ, ಇಳಿಯುತ್ತದೆ. ಅವರ ಮುಖ ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ನಿನ್ನೆ ಇಲ್ಲೂ ಮಂಜುಗಡ್ಡೆ ಬಿತ್ತು, ಟಿವಿಯವರ ಪ್ರಕಾರ ಪ್ರಳಯ. ಶಾಲೆಗೆ ರಜೆ, ಅಳಿಯ ಗಿರಿಧರ್ ಮನೆಯಿಂದಲೇ ಕೆಲಸ. ಕಿಟಕಿಯಿಂದ ನೋಡಿದರೆ ಎಡಗಡೆ ಮನೆಯ ಮುದುಕಿ ಪತ್ರದ ಡಬ್ಬಿಯ ಹತ್ತಿರ ಕಂಬ ಹಿಡಿದು ನಿಂತಿದ್ದಾಳೆ, ಮುಂದೆಯೂ ಹೋಗಲಾರಳು, ಹಿಂದೆಯೂ ಬರಲಾರಳು. ಈ ಊರಿನ ಯಾವ ಮನೆಯಲ್ಲಿ ಹಿಮ ಕರಗಿಸಲು ಹಾಕುವ ಉಪ್ಪು ಇರುತ್ತದೆ? ನಾನು ಉಪ್ಪಿನಕಾಯಿಗೆಂದು ಇಟ್ಟಿದ್ದ ಕಲ್ಲುಪ್ಪಿನ ಚೀಲ ಎತ್ತಿಕೊಂಡೆ. ಪ್ರಿಯಂವದಾ, "ಅಮ್ಮಾ, ಬೀಳ್ತೀಯಾ!" ಎಂದು ಕೂಗುತ್ತಿದ್ದರೂ ಬಾತುಕೋಳಿಯ ಹಾಗೆ ಪಾದ ಅಗಲಿಸಿ, ಮಂಡಿ ಬಾಗಿಸಿ, ಉಪ್ಪು ಚೆಲ್ಲುತ್ತಾ ಹೋಗಿ ಅವಳನ್ನು ಕೈಹಿಡಿದು ಕರೆತಂದೆ. ಹೆಸರು ಡೊಲೋರೆಸ್ ಅಂತೆ, ಒಬ್ಬಳೇ ಇದ್ದಾಳೆ, ಒಂಬತ್ತು ವರ್ಷದಿಂದ. ನಮ್ಮ ಅಡುಗೆಮನೆಯಲ್ಲಿ ಕೂತು ಶುಂಠಿ ಕಾಫಿ ಕುಡಿದಳು. ಆಮೇಲೆ ಬೀದಿಯ ಇನ್ನಿಬ್ಬರು ಬಂದರು, ನಿಮ್ಮ ಹತ್ತಿರ ಉಪ್ಪು ಇದೆಯಂತೆ ಎಂದು. ನಾನು ಡ್ರೈವ್‌ವೇಯಲ್ಲಿ ನಿಂತು ಎಲ್ಲರಿಗೂ ಮಂಜಿನ ಮೇಲೆ ನಡೆಯುವುದನ್ನು ಕಲಿಸಿದೆ. ಸ್ವೆಟರ್ ಕೂಡ ಹಾಕಿರಲಿಲ್ಲ. ಉಪ್ಪಿನಕಾಯಿಗೆ ಈ ವರ್ಷ ಉಪ್ಪಿಲ್ಲ.

ಸಂಹಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಜ್ಜಿ, ಯು ಆರ್ ಸೋ ಹ್ಯಾಪಿ ಟುಡೇ" ಎಂದಳು. ಎಂಟು ವರ್ಷದ ಮಗು. ಪ್ರಿಯಂವದಾ ತಲೆ ಎತ್ತಿ ನನ್ನನ್ನು ನೋಡಿ, "ಅಮ್ಮಾ, ನಿನಗೆ ಚಳಿ ಆಗಿಬರೋದೇ ಇಲ್ಲ ಅಂತಿದ್ಯಲ್ಲ? ನೀನು ತಡೀಲಾರೆ ಅಂತ ತಾನೆ ಅಪ್ಪ ಇಲ್ಲಿಗೆ ಶಿಫ್ಟ್ ಆಗಿದ್ದು?" ಎಂದಳು. ನಿಮ್ಮ ಮಂಡಿನೋವಿಗೆ, ಮೊಮ್ಮಗಳ ಆಸೆಗೆ ನೀವು ಇಲ್ಲಿಗೆ ಬಂದಿರಿ ಎಂದು ನಾನು ತಿಳಿದಿದ್ದೆ. ನಿಮ್ಮ ಸಂತೋಷಕ್ಕೆ ಅಡ್ಡ ಬರಬಾರದು ಎಂದು ಬಾಯಿಮುಚ್ಚಿಕೊಂಡು ಪಾತ್ರೆಪಡಗ ಕಟ್ಟಿದೆ. "ಅಪ್ಪನಿಗೆ ಒಂಚೂರೂ ಇಷ್ಟ ಇರಲಿಲ್ಲಮ್ಮ. ಅವಳು ಮೂವತ್ನಾಕು ವರ್ಷ ಸಹಿಸಿದಾಳ, ಇನ್ನ ನನ್ನ ಪಾಳಿ ಅಂದ್ರು" ಎಂದಳು ನಿಮ್ಮ ಮಗಳು. ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ ನೋಡಿ, ಥೇಟ್ ನಿಮ್ಮ ಥರವೇ. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಈಗ ಹೇಳುತ್ತೇನೆ, ಕೇಳಿ. ನಾವು ಅಲ್ಲಿಗೆ ಬಂದ ಮೊದಲ ವರ್ಷ, ನವೆಂಬರಿನ ಮೊದಲ ಹಿಮ. ನನಗೆ ಆಗ ನಾಲ್ಕನೇ ತಿಂಗಳು. ಬೆಳಿಗ್ಗೆ ಪರದೆ ಸರಿಸಿದವಳು ಹುಚ್ಚಿಯ ಹಾಗೆ ರಾತ್ರಿಯ ಸೀರೆಯಲ್ಲೇ ಹೊರಗೆ ಓಡಿದ್ದೆ. ಆ ಸಂತೋಷ ತಡೆಯಲಾರದೆ ಅಮ್ಮನಿಗೆ ಹನ್ನೊಂದು ಹಾಳೆ ಬರೆದೆ, ಇಂಥ ಚೆಂದ ನಾನು ಕಂಡೇ ಇಲ್ಲ, ಇದನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲ, ನನ್ನ ಮಗು ಈ ಹಿಮದಲ್ಲೇ ಹುಟ್ಟಲಿ, ಬೆಳೆಯಲಿ ಎಂದೆಲ್ಲ. ಹತ್ತನೆಯ ದಿನ ನಮ್ಮ ಮಗು ಹೋಯಿತು. ನೀವು ಡಾಕ್ಟರು, ಮೊದಲ ಬಸಿರಿನಲ್ಲಿ ಹೀಗೆ ಎಷ್ಟೋ ಜನಕ್ಕೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದು ನನ್ನ ತಲೆ ನೇವರಿಸಿ ಹೇಳಿದಿರಿ. ಆಮೇಲೆ ಅಮ್ಮನ ಕಾಗದ ಬಂತು. "ಅಷ್ಟೊಂದು ಹೊಗಳಿಕೋಬಾರದಿತ್ತು ಕಣೇ. ಪ್ರೀತಿಯದ್ದನ್ನ ಬಾಯಿಬಿಟ್ಟು ಚೆನ್ನಾಗಿದೆ ಅನ್ನಬಾರದು, ಕಣ್ಣಾಗತ್ತೆ" ಎಂದು ಬರೆದಿದ್ದಳು. ಅದನ್ನು ನಿಮಗೆ ತೋರಿಸಲಿಲ್ಲ. ತೋರಿಸಿದ್ದರೆ ಗದರುತ್ತಿದ್ದಿರಿ. ನಂಬಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತಿನಿಂದ ನನಗೆ ಬೇಕಾದದ್ದು ಯಾವುದನ್ನೂ ನಾನು ಚೆನ್ನಾಗಿದೆ ಎಂದಿಲ್ಲ. ಪ್ರಿಯಂವದಾ ಹುಟ್ಟಿದಾಗ ಕೋತಿಮರಿ ಎಂದೆ. ದೋಸೆ ಗರಿಗರಿಯಾಗಿ ಬಂದರೆ ಏನೋ ಒಂಥರಾ ಆಗಿದೆ ಎಂದೆ. ಚಳಿಗಾಲ ಬಂದರೆ ಹಾಳು ಚಳಿ, ದರಿದ್ರದ ಊರು ಎಂದು ನಿಮ್ಮ ಮುಂದೆ, ಲೋಯಿಸಳ ಮುಂದೆ, ಮೈಸೂರಿನ ಫೋನುಗಳಲ್ಲಿ, ಮೂವತ್ನಾಕು ವರ್ಷ ಬೈದೆ. ನಮ್ಮ ಕಡೆಯ ಹೆಂಗಸರು ಮುದ್ದಿನ ಮಗುವಿನ ಕೆನ್ನೆಗೆ ಕಪ್ಪು ಇಡುವುದಿಲ್ಲವೇ, ಹಾಗೆ. ಹಬ್ಬಹಬ್ಬಕ್ಕೆ ಪ್ರಿಯಂವದಾಳ ಕೆನ್ನೆಗೆ ನಾನು ಇಟ್ಟ ಕಪ್ಪನ್ನು ನೋಡಿ ನಕ್ಕವರು, ನನ್ನ ಬೈಗುಳವನ್ನು ಮಾತ್ರ ನಿಜವೆಂದು ನಂಬಿಬಿಟ್ಟಿರಲ್ಲ.

ನಿಮ್ಮನ್ನೂ ಹಾಗೇ ಬೈದುಕೊಂಡು ಬಂದಿದ್ದೇನೆ. ಅದರ ಅರ್ಥವನ್ನಾದರೂ ಈಗ ಮಾಡಿಕೊಳ್ಳಿ. ಈ ಏಳು ವಾರ ಹಾಸಿಗೆಯ ನಿಮ್ಮ ಬದಿ ತಣ್ಣಗಿದೆ. ಅದು ನನಗೆ ಇಷ್ಟವಾಗದ ಒಂದೇ ಒಂದು ಚಳಿ.

ಸಂಹಿತಾಳ ಮುಂದಿನ ಹಲ್ಲು ಪೂರ್ತಿ ಬಂದಿದೆ. ಗಿರಿಧರ್, ಪ್ರಿಯಂವದಾ ನಮಸ್ಕಾರ ತಿಳಿಸಿದ್ದಾರೆ. ಲೋಯಿಸ್ ವೃದ್ಧಾಶ್ರಮದಲ್ಲಿದ್ದಾಳೆ ಎಂದಿರಲ್ಲ, ಹೋಗಿ ನೋಡಿ ಬನ್ನಿ, ನಾನು ಕೇಳಿದೆ ಎಂದು ಹೇಳಿ, ಗುರುತು ಹಿಡಿಯದಿದ್ದರೂ ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ. ರಾಯರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ಎಂದೆಂದೂ ನಿಮ್ಮ,
ಅಹಲ್ಯಾ

ತಾ.ಕ.: ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದಂತೆ, ಗಿರಿಧರ್ ಕಾರು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾನೆ. ಎಕ್ಸ್‌ಪ್ರೆಸ್‌ನಲ್ಲಿ ಹಾಕಿದರೆ ಮಂಗಳವಾರ ನಿಮ್ಮ ಕೈ ಸೇರುತ್ತದೆ. ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬರೆಯಲಿಲ್ಲ. ಶುಕ್ರವಾರ ಸಹಿ ಹಾಕಬೇಡಿ. ಕೊಳ್ಳುವವರಿಗೆ ಕೈಮುಗಿದು ನನ್ನ ಹೆಂಡತಿ ಒಪ್ಪುತ್ತಿಲ್ಲ ಎನ್ನಿ, ಕೆಟ್ಟ ಹೆಸರು ನನಗೇ ಬರಲಿ. ನಿಮಗೇ ಆ ಮನೆ ಸಾಕಾಗಿದ್ದರೆ ಮಾರಿಬಿಡಿ, ನಾನು ಒಂದು ಮಾತೂ ಆಡುವುದಿಲ್ಲ. ನನಗೋಸ್ಕರ ಮಾತ್ರ ಮಾರಬೇಡಿ.